ಕಲ್ಲಿನ ದ್ವೀಪ, ಮಣ್ಣಿನ ಕುದ್ರು

ಉಡುಪಿಗೆ ಬಂದವರು ದ್ವೀಪ ನೋಡಬೇಕು ಅಂದರೆ ಎಲ್ಲರೂ ಮಲ್ಪೆಯ ಕಡೆ ಕೈ ತೋರಿಸುತ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಟಿಕೆಟ್ ತಗೊಂಡು ಬೋಟ್ ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೆ ಉಡುಪಿಯಲ್ಲಿ ಇನ್ನೊಂದು ಬಗೆಯ ದ್ವೀಪಗಳೂ ಇವೆ. ಅವಕ್ಕೆ ಟಿಕೆಟ್ ಇಲ್ಲ, ಬೋರ್ಡೂ ಇಲ್ಲ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಮೊದಲು ವೇಗ ಕಳೆದುಕೊಂಡು, ಘಟ್ಟದಿಂದ ಹೊತ್ತು ತಂದ ಮಣ್ಣನ್ನು ಅಲ್ಲಲ್ಲಿ ಇಳಿಸಿ ಕಟ್ಟಿದ ಕುದ್ರುಗಳು ಅವು. ಅಲ್ಲಿ ಮನೆಗಳಿವೆ, ತೆಂಗಿನ ತೋಟ ಇದೆ, ಗದ್ದೆ ಇದೆ, ದೈವದ ಗುಡಿ ಇದೆ. ಬೆಳಿಗ್ಗೆ ಚೀಲ ಹಾಕಿಕೊಂಡು ಶಾಲೆಗೆ ಹೊರಡುವ ಮಕ್ಕಳಿದ್ದಾರೆ.

ಈ ಎರಡನ್ನೂ ಗೆಳೆಯರಿಗೆ ಒಟ್ಟಿಗೆ ತೋರಿಸಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ ಇತ್ತು. ಕಲ್ಲಿನ ದ್ವೀಪವನ್ನು ಮಾತ್ರ ನೋಡಿ ಹೋದವರಿಗೆ ನಮ್ಮ ಕರಾವಳಿ ಅರ್ಧವೇ ಸಿಕ್ಕಿರುತ್ತದೆ ಅಂತ ನನ್ನ ನಂಬಿಕೆ. ಉಳಿದ ಅರ್ಧ ಇರುವುದು ಮಣ್ಣಿನಲ್ಲಿ. ಊಟ ಬರುವುದೂ ಅಲ್ಲಿಂದಲೇ.

ಈ ಸಲದ ಚಳಿಗಾಲದಲ್ಲಿ ಒಂದು ವಾರಾಂತ್ಯ ಕೂಡಿ ಬಂತು. ಎಲ್ಲರೂ ಕಾಲೇಜಿನ ದಿನಗಳ ಗೆಳೆಯರು. ಧಾರವಾಡದವನು ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬಂದ. ಮೈಸೂರಿನವಳು ರೈಲಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ನನ್ನ ಮನೆಗೆ ಬಂದಳು. ಶಿರಸಿಯವಳು ತನ್ನ ಕಾರಿನಲ್ಲಿ, ಡಿಕ್ಕಿಯಲ್ಲಿ ಒಂದು ಡಬ್ಬಿ ತೊಡೆದೇವು ಇಟ್ಟುಕೊಂಡು. ಅವಳೊಬ್ಬಳು ಸಸ್ಯಾಹಾರಿ. ಮೀನಿನ ಊರಿಗೆ ಬಂದು ಅವಳಿಗೆ ಊಟ ಹೇಗಪ್ಪಾ ಅಂತ ಧಾರವಾಡದವನಿಗೆ ಚಿಂತೆ. ಎರಡು ದಿನದ ಕೊನೆಗೆ ನೋಡಿದರೆ ನಮ್ಮೆಲ್ಲರಿಗಿಂತ ಜಾಸ್ತಿ ಬಗೆ ತಿಂದವಳು ಅವಳೇ.

ದ್ವೀಪದ ಮೊದಲ ಬೋಟ್ ಹೊರಡುವ ಮುಂಚೆ ಮಲ್ಪೆ ಬಂದರಿಗೆ ಹೋದೆವು. ಇದು ರಾಜ್ಯದ ದೊಡ್ಡ ಮೀನುಗಾರಿಕೆ ಬಂದರು. ಬೆಳಗಿನ ಹೊತ್ತು ಅಲ್ಲಿ ಸುಮ್ನೆ ನಿಲ್ಲುವುದಕ್ಕೆ ಜಾಗ ಸಿಗುವುದಿಲ್ಲ. ಬೋಟಿನಿಂದ ಬುಟ್ಟಿ ಇಳಿಯುತ್ತಾ ಇರುತ್ತದೆ, ಐಸ್ ಪುಡಿ ಮಾಡುವ ಯಂತ್ರದ ಸದ್ದು, ಹರಾಜಿನ ಕೂಗು. ಬಂಗುಡೆ, ಬೂತಾಯಿ ರಾಶಿ ರಾಶಿ. ಅಂಜಲ್, ಮಾಂಜಿ ಬೇರೆಯಾಗಿ, ಮರ್ಯಾದೆಯಿಂದ ಸಾಲಾಗಿ ಮಲಗಿಸಿದ್ದರು. ಕಾಣೆ, ನಂಗ್, ಬೊಂಡಾಸ್. ಹರಾಜಿನಲ್ಲಿ ಬೆಲೆ ಕಟ್ಟುವವರಲ್ಲಿ ಹೆಂಗಸರೇ ಹೆಚ್ಚು. ಅವರ ಕಣ್ಣು ಮೀನಿನ ಕಿವಿರಿನ ಮೇಲೆ, ಕಿವಿ ಕೂಗುವವನ ಬಾಯಿಯ ಮೇಲೆ. ಅಲ್ಲಿಂದ ಬಸ್ಸು, ಟೆಂಪೋ ಹತ್ತಿ ಊರೂರಿಗೆ ಮೀನು ಮುಟ್ಟಿಸುವವರೂ ಇವರೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಒರಟು. ಆ ಎರಡು ತಿಂಗಳಿಗಾಗಿ ಕರಾವಳಿಯ ಅಡುಗೆಮನೆಗಳು ಬೇಸಿಗೆಯಲ್ಲೇ ಒಣಮೀನು, ಒಣಸಿಗಡಿ ಕಟ್ಟಿಡುತ್ತವೆ. ಒಣಸಿಗಡಿ ಚಟ್ನಿ ಅಂದರೆ ಬಾಯಿ ನೀರೂರುವುದು ನಮಗೆ ಮಳೆಯ ಸದ್ದು ಕೇಳಿದಾಗ.

ತಿಂಡಿಗೆ ಬನ್ಸ್. ಬೇರೆ ಊರಿನವರು ಇದನ್ನು ಬೇಕರಿ ಬನ್ ಅಂದುಕೊಳ್ಳುತ್ತಾರೆ. ಬಾಳೆಹಣ್ಣು ಹಿಸುಕಿ, ಮೊಸರು, ಮೈದಾ, ಚಿಟಿಕೆ ಜೀರಿಗೆ ಹಾಕಿ ಕಲಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ದಪ್ಪಕ್ಕೆ ಲಟ್ಟಿಸಿ ಕರಿದದ್ದು. ಕಾಯಿ ಚಟ್ನಿ, ಸಾಂಬಾರಿನ ಜೊತೆ ತಿಂದೆವು. ಮೈಸೂರಿನವಳು ಎರಡನೆಯದನ್ನು ಕಾಫಿಯಲ್ಲಿ ಅದ್ದಿ ತಿಂದಳು. ಅದೂ ಚೆನ್ನಾಗಿಯೇ ಇರುತ್ತದೆ.

ಸೇಂಟ್ ಮೇರೀಸ್‌ನಲ್ಲಿ ಇಳಿದ ಕೂಡಲೇ ಜನ ತೆಂಗಿನ ಮರಗಳ ಕಡೆ, ಫೋಟೋ ತೆಗೆಯುವ ಕಡೆ ಓಡುತ್ತಾರೆ. ನೀವು ಹೋದರೆ ಮೊದಲು ಬಂಡೆಗಳ ಹತ್ತಿರ ಹೋಗಿ. ಹತ್ತಿರ ಅಂದರೆ ಕೈ ಇಟ್ಟು ನೋಡುವಷ್ಟು ಹತ್ತಿರ. ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿ ನಿಂತಿವೆ. ಕೆಲವು ಮಂಡಿಯೆತ್ತರ, ಕೆಲವು ನಮ್ಮ ತಲೆಯ ಮೇಲಕ್ಕೆ ಹೋಗುತ್ತವೆ. ಮೇಲಿನಿಂದ ನೋಡಿದರೆ ಜೇನುಗೂಡಿನ ಹಾಗೆ ಮೂಲೆ ಮೂಲೆಯಾಗಿ ಕಾಣುತ್ತದೆ. ಧಾರವಾಡದವನು ಒಂದೊಂದು ಕಂಬದ ಮೇಲೆ ಬೆರಳಾಡಿಸಿ ಮೂಲೆ ಎಣಿಸುತ್ತಾ ಹೋದ. ಹೆಚ್ಚಿನವಕ್ಕೆ ಆರು, ನಡುನಡುವೆ ಐದು, ಒಂದೆರಡು ಕಡೆ ಏಳು.

ಇದನ್ನು ಯಾರೂ ಕೆತ್ತಿದ್ದಲ್ಲ. ಭೂಮಿಯ ಒಳಗಿಂದ ಉಕ್ಕಿದ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕುಗ್ಗುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಎಲ್ಲ ಕಡೆಯೂ ಒಂದೇ ಸಮ ತಣ್ಣಗಾದರೆ ಬಿರುಕುಗಳು ಮೂರು ಮೂರಾಗಿ ಕೂಡಿ ಆರು ಮೂಲೆಯ ಆಕಾರ ಬರುತ್ತದೆ. ಶಾಖ ಒಳಗಿನಿಂದ ಹೊರಹೋದ ಹಾಗೆ ಆ ಬಿರುಕು ಆಳಕ್ಕೆ ಇಳಿಯುತ್ತಾ ಕಂಬವಾಗುತ್ತದೆ. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ನೆಲ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು, ಆ ಹೊತ್ತಿಗೆ ಬೇರೆಯಾಗುತ್ತಿದ್ದವು. ಹರಿದು ದೂರವಾದ ಆ ಜಾಗದ ಗುರುತು ಈ ಕಲ್ಲು. ಬೆಳಗಾವಿ, ವಿಜಯಪುರದ ಕಡೆ ಕಾಣುವ ದಖ್ಖನ್ನಿನ ಕಪ್ಪು ಶಿಲೆ ಇದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಚಿಕ್ಕದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

'ಅಂದ್ರ ನಾವೀಗ ಕೈ ಇಟ್ಟಿದ್ದು ಮಡಗಾಸ್ಕರದ ಗೋಡಿಗೇನು?' ಅಂತ ಧಾರವಾಡದವನು ಕೇಳಿದ. ಒಂದು ರೀತಿಯಲ್ಲಿ ಹೌದು. ನಾವು ನಿಂತ ಕಡೆಯಿಂದ ಪಡುವಣಕ್ಕೆ ಬರೀ ನೀರು. ಆ ನೀರಿನ ಆಚೆ, ಎಷ್ಟೋ ಸಾವಿರ ಕಿಲೋಮೀಟರ್ ದೂರ, ಅದೇ ಕಾಲದ ಬೆಂಕಿಯಿಂದ ಹುಟ್ಟಿದ ಕಲ್ಲುಗಳು ಮಡಗಾಸ್ಕರದಲ್ಲೂ ಇವೆ.

ಹೆಸರಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲೊಂದು ಕಂಬ ನೆಟ್ಟು ಸಾಂತಾ ಮರಿಯಾ ಅಂತ ಕರೆದ ಅನ್ನುತ್ತಾರೆ. ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಅಂತ ಹೇಳುವವರೇ ಜಾಸ್ತಿ. ಅವನ ಪಯಣದ ದಿನಚರಿಯ ಪ್ರಕಾರ ಆ ಕಂಬ ನೆಟ್ಟಿದ್ದು ಕಲ್ಲಿಕೋಟೆಯಿಂದ ವಾಪಸ್ ಹೊರಟ ಮೇಲೆ. ನನಗೆ ಅದಕ್ಕಿಂತ ಪಕ್ಕದ ದ್ವೀಪ ದರಿಯಾ ಬಹಾದ್ದೂರ್‌ಗಡದ ಮೇಲೆ ಆಸಕ್ತಿ. ಬಿದನೂರಿನ ಬಸಪ್ಪ ನಾಯಕನ ಕಾಲದ ಕೋಟೆಯ ಅವಶೇಷ ಅಲ್ಲಿದೆ. ಮಲೆನಾಡಿನಲ್ಲಿ ಕೂತ ಅರಸರಿಗೂ ಕಡಲ ಕಾವಲು ಬೇಕಿತ್ತು. ಘಟ್ಟದ ಮೆಣಸು, ಕರಾವಳಿಯ ಅಕ್ಕಿ ಹಡಗು ಹತ್ತುತ್ತಿದ್ದದ್ದು ಇಲ್ಲಿಂದಲೇ ಅಲ್ವಾ?

ದ್ವೀಪದಲ್ಲಿ ಯಾರೂ ವಾಸ ಇಲ್ಲ. ರಾತ್ರಿ ಉಳಿಯುವ ಹಾಗಿಲ್ಲ. ಅಲ್ಲೊಂದು ಒಳ್ಳೆ ಹೋಟೆಲ್ ಬರಬೇಕು, ಆಟ ಹೆಚ್ಚಬೇಕು ಅಂತ ಹೇಳುವವರನ್ನು ನಾನು ಆಗಾಗ ಕಾಣುತ್ತೇನೆ. ನನಗೆ ಅದು ಒಪ್ಪಿಗೆ ಇಲ್ಲ. ಅದು ಅಷ್ಟು ಸಣ್ಣ ಜಾಗ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚು. ಒಂದು ಗಂಟೆ ಸುತ್ತಿ, ಕಲ್ಲು ಮುಟ್ಟಿ, ತಂದ ಬಾಟಲಿ ವಾಪಸ್ ತಗೊಂಡು ಬಂದರೆ ಸಾಕು. ಊಟಕ್ಕೆ ಈಚೆ ದಡ ಇದೆ. ಈಚೆ ದಡದಲ್ಲಿ ಊಟಕ್ಕೆ ಏನೂ ಕಡಿಮೆ ಇಲ್ಲ.

ವಾಪಸ್ ಬರುವಾಗ ವಡಭಾಂಡೇಶ್ವರಕ್ಕೆ ಹೋದೆವು. ಬಲರಾಮನ ಗುಡಿ, ಮಲ್ಪೆ ಬೀಚಿಗೆ ಹತ್ತಿರ. ಇಲ್ಲಿನ ಕಥೆ ಹೀಗೆ: ದ್ವಾರಕೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಬಟ್ಟೆ ಬೀಸಿ ಅದನ್ನು ದಡ ಸೇರಿಸಿದರು. ಹಡಗಿನವನು ಏನು ಬೇಕಾದರೂ ಕೇಳಿ ಅಂದಾಗ ಅವರು ಕೇಳಿದ್ದು ಭಾರಕ್ಕೆ ಇಟ್ಟಿದ್ದ ಗೋಪಿಚಂದನದ ಗಟ್ಟಿಗಳನ್ನು. ಅದರೊಳಗೆ ಬಲರಾಮ ಮತ್ತು ಕೃಷ್ಣನ ವಿಗ್ರಹಗಳಿದ್ದವು. ಬಲರಾಮ ಇಲ್ಲೇ ಉಳಿದ, ಕೃಷ್ಣ ಉಡುಪಿಗೆ ಹೋದ. ಹದಿಮೂರನೆಯ ಶತಮಾನದ ಮಾತು. ಚಿಕ್ಕಂದಿನಿಂದ ಕೇಳಿದ ಕಥೆಯೇ ಆದರೂ ಈ ಸಲ ನನ್ನ ಮನಸ್ಸು ನಿಂತದ್ದು ಗೋಪಿಚಂದನದ ಮೇಲೆ. ಅದು ಮಣ್ಣು ತಾನೇ? ಉಡುಪಿಯ ದೇವರು ಊರಿಗೆ ಬಂದದ್ದೇ ಮಣ್ಣಿನ ಮುದ್ದೆಯೊಳಗೆ.

ಮಧ್ಯಾಹ್ನ ರಥಬೀದಿ. ಅನಂತೇಶ್ವರ, ಚಂದ್ರಮೌಳೀಶ್ವರ, ಕನಕನ ಕಿಂಡಿ, ಎಂಟು ಮಠಗಳು. ಇದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಊಟಕ್ಕೆ ಹೋಗುತ್ತೇನೆ. ಅವತ್ತು ಶಿರಸಿಯವಳಿಗಾಗಿ ನಮ್ಮ ಮನೆಯಲ್ಲಿ ಅಮ್ಮ ಮಟ್ಟುಗುಳ್ಳದ ಹುಳಿ ಮಾಡಿದ್ದರು. ಗುಳ್ಳ ಅಂದರೆ ಬದನೆಯೇ, ಆದರೆ ಗುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಸಣ್ಣ ಮುಳ್ಳು. ಕಟಪಾಡಿ ಹತ್ತಿರದ ಮಟ್ಟು ಊರಿನ ಗದ್ದೆಯಲ್ಲಿ ಮಳೆಗಾಲದ ಭತ್ತ ಕೊಯ್ದ ಮೇಲೆ ನೆಡುತ್ತಾರೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟದ್ದು ಅನ್ನುವ ನಂಬಿಕೆ ಇದೆ. ಹಾಗಾಗಿ ಕೃಷ್ಣನ ಪೂಜೆಯ ಹೊಣೆ ಮಠದಿಂದ ಮಠಕ್ಕೆ ಕೈ ಬದಲಾಗುವ ಪರ್ಯಾಯದ ಹೊರೆಕಾಣಿಕೆಯಲ್ಲಿ ಅದಕ್ಕೊಂದು ಜಾಗ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಸಿಪ್ಪೆ ಎಷ್ಟು ತೆಳು ಅಂದರೆ ಬೆಂದ ಮೇಲೆ ನಾಲಿಗೆಗೆ ಸಿಗುವುದೇ ಇಲ್ಲ. ಅದೇ ಬೀಜ ತಗೊಂಡು ಹೋಗಿ ಬೇರೆ ಕಡೆ ಬೆಳೆದವರಿದ್ದಾರೆ. ಆ ರುಚಿ ಬರಲಿಲ್ಲ ಅನ್ನುತ್ತಾರೆ ನಮ್ಮ ಅಮ್ಮ. ಹೊಳೆ, ಕಡಲು ಎರಡರ ನಡುವೆ ಇರುವ ಆ ಮಣ್ಣೇ ಬೇರೆ.

ಶಿರಸಿಯವಳು ಮತ್ತೆ ಮತ್ತೆ ಹಾಕಿಸಿಕೊಂಡಳು. 'ಆಂಟೀ, ನಮ್ಮ ಕಡೆ ಅಪ್ಪೆಹುಳಿ ಹೇಗೋ, ನಿಮ್ಮ ಕಡೆ ಇದು' ಅಂದಳು. ಅಮ್ಮನಿಗೆ ಖುಷಿಯೋ ಖುಷಿ.

ಸಂಜೆಗೆ ಕುದ್ರು.

ಕೆಮ್ಮಣ್ಣು ಕಡೆ ಹೋದರೆ ತಿಮ್ಮಣ್ಣಕುದ್ರುವಿಗೆ ತೂಗುಸೇತುವೆ ಇದೆ. ಈಗ ತುಂಬಾ ಜನ ಅದನ್ನು ನೋಡಲು ಬರುತ್ತಾರೆ. ಸೇತುವೆಯ ಮೇಲೆ ನಿಂತರೆ ಎರಡೂ ಕಡೆ ಸ್ವರ್ಣೆ ಅಗಲವಾಗಿ ಹರಡಿದೆ, ದಡದವರೆಗೂ ತೆಂಗು ಬಾಗಿದೆ. ನಾವು ಹೋಗಬೇಕಾಗಿದ್ದದ್ದು ಅದಲ್ಲ, ಇನ್ನೊಂದು ಸಣ್ಣ ಕುದ್ರು. ಅಲ್ಲಿ ನನಗೆ ದೂರದ ಸಂಬಂಧದಲ್ಲಿ ದೊಡ್ಡಮ್ಮ ಒಬ್ಬರಿದ್ದಾರೆ. ದೋಣಿಯಲ್ಲಿ ದಾಟಿಸಿದವರು ಅವರ ಮಗ.

'ಬಲೆ ಬಲೆ, ಕುಲ್ಲುಲೆ' (ಬನ್ನಿ ಬನ್ನಿ, ಕೂತುಕೊಳ್ಳಿ) ಅಂತ ದೊಡ್ಡಮ್ಮ ಅಂಗಳಕ್ಕೇ ಬಂದರು. ಕೈಗೆ ಬೆಲ್ಲ, ನೀರು ಕೊಟ್ಟರು. ನನ್ನ ಗೆಳೆಯರಿಗೆ ತುಳು ಬಾರದು ಅಂತ ಗೊತ್ತಾದ ಕೂಡಲೇ ಕನ್ನಡಕ್ಕೆ ಬಂದರು. 'ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ, ಬರೀ ನೀರು ಮಣ್ಣು' ಅಂದರು.

ಮನೆ ಹಳೆಯದು. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಹಟ್ಟಿಯ ಮಾಡಿನ, ಅಂದರೆ ಛಾವಣಿಯ, ಕೆಲವು ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಅಚ್ಚು ಇನ್ನೂ ಓದುವ ಹಾಗಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಮಿಷನ್ನಿನ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಮಲ್ಪೆಯಲ್ಲೂ ಒಂದು ಇತ್ತು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಇಲ್ಲದಿದ್ದರೆ ಆ ಕಾರ್ಖಾನೆಗಳೂ ಇಲ್ಲ. ನದಿ ತಂದ ಮಣ್ಣಿನ ಮೇಲೆ ಮನೆ, ನದಿ ತಂದ ಮಣ್ಣನ್ನೇ ಸುಟ್ಟು ಮಾಡಿದ ಮಾಡು.

ಮರುದಿನ ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ದೊಡ್ಡಮ್ಮ ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನು, ಹೆಕ್ಕಲು ಹೊರಟರು. ನಾವೂ ಹಿಂದೆ ಹೋದೆವು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಜಾಸ್ತಿ. ಆಗ ಹೊಳೆಯ ನಡುವಿನ ದಿಣ್ಣೆಗಳು ಮೇಲೆ ಬರುತ್ತವೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಅವರು ಮೊದಲು ಕಾಲಿನಲ್ಲಿ ಹುಡುಕುತ್ತಾರೆ. ಹೆಬ್ಬೆರಳು ಮಣ್ಣಿನಲ್ಲಿ ಆಡುತ್ತಾ ಇರುತ್ತದೆ, ಗಟ್ಟಿ ತಾಗಿದ ಕಡೆ ಬಗ್ಗಿ ಕೈ ಹಾಕುತ್ತಾರೆ. ಬುಟ್ಟಿಯನ್ನು ಒಂದು ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿದ್ದಾರೆ, ಅದು ಹಿಂದೆ ತೇಲುತ್ತಾ ಬರುತ್ತದೆ. ಕಣ್ಣು ಹೊಳೆಯ ಆಚೆ ದಡದಲ್ಲಿ, ಮಾತು ನಮ್ಮ ಜೊತೆ, ಕೆಲಸ ಕಾಲಿನದ್ದು. ಸಣ್ಣ ಮರುವಾಯಿ ಸಿಕ್ಕಿದರೆ ಅಲ್ಲೇ ಬಿಡುತ್ತಾರೆ.

'ಇದನ್ನ ಹೆಂಗ ಗುರ್ತು ಹಿಡೀತೀರ್ರೀ ಅಮ್ಮಾರ? ಕಲ್ಲೂ ಗಟ್ಟೀನ ಇರ್ತದಲ್ಲ?' ಅಂತ ಧಾರವಾಡದವನು ಕೇಳಿದ.

'ಕಲ್ಲು ತಣ್ಣಗೆ ಕೂತಿರ್ತದೆ. ಇದು ಸ್ವಲ್ಪ ಒಳಗೆ ಜಾರ್ತದೆ, ಗೊತ್ತಾಗ್ತದೆ' ಅಂದರು ದೊಡ್ಡಮ್ಮ.

ಹೆಕ್ಕಿದ್ದನ್ನು ಹೊಳೆಯದ್ದೇ ನೀರಿನಲ್ಲಿ ಬಿಟ್ಟಿಡಬೇಕು, ಒಳಗಿನ ಮರಳು ಕಕ್ಕುವವರೆಗೆ. ಹಾಗಾಗಿ ಅವತ್ತು ಅಡುಗೆಗೆ ಹೋದದ್ದು ಹಿಂದಿನ ದಿನ ಹೆಕ್ಕಿ ಬಿಟ್ಟಿದ್ದ ಮರುವಾಯಿ. ದೊಡ್ಡಮ್ಮ ಮೆಟ್ಟುಕತ್ತಿಯ ಮುಂದೆ ಕೂತು ಒಂದೊಂದನ್ನೇ ಬಾಯಿ ಬಿಡಿಸಿದರು. ಒಂದು ಚಿಪ್ಪು ಆಚೆ, ಮಾಂಸ ಅಂಟಿದ ಚಿಪ್ಪು ಪಾತ್ರೆಗೆ. ಒಳಗೆ ಪುಂಡಿ ತಯಾರಾಗುತ್ತಿತ್ತು. ನೆನೆದ ಕುಚ್ಚಲಕ್ಕಿಯನ್ನು ತೆಂಗಿನತುರಿ ಹಾಕಿ ತರಿತರಿಯಾಗಿ ರುಬ್ಬಿ, ಗೋಲಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ, ಪ್ರತಿ ಉಂಡೆಗೂ ಹೆಬ್ಬೆರಳಿನಲ್ಲಿ ಒಂದು ಗುಳಿ ಒತ್ತಿ ಹಬೆಯಲ್ಲಿ ಬೇಯಿಸಿದರು. ಆ ಗುಳಿಯಲ್ಲಿ ಆಮೇಲೆ ಮಸಾಲೆ ನಿಲ್ಲುತ್ತದೆ. ಮಸಾಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತೆ, ಜೀರಿಗೆ, ಬೆಳ್ಳುಳ್ಳಿ, ಹುರಿದ ತೆಂಗಿನಕಾಯಿ. ಹುಣಸೆ ಎಷ್ಟು ಬೇಕೋ ಅಷ್ಟೇ. ಮರುವಾಯಿಗೆ ತನ್ನದೇ ಉಪ್ಪು ಇರುವುದರಿಂದ ಉಪ್ಪನ್ನು ಕೊನೆಗೆ ನೋಡಿ ಹಾಕುತ್ತಾರೆ. ಕುದಿಯುವ ಮಸಾಲೆಗೆ ಪುಂಡಿ ಬಿದ್ದು, ಅದರ ಗಂಜಿ ಬಿಟ್ಟು ಸಾರು ದಪ್ಪಗಾದ ಮೇಲೆ ಇಳಿಸಿದರು.

ಶಿರಸಿಯವಳಿಗೆ ಬೇರೆ ಒಲೆ, ಬೇರೆ ಪಾತ್ರೆ. ಯಾರೂ ಹೇಳಿರಲಿಲ್ಲ, ದೊಡ್ಡಮ್ಮನೇ ಮಾಡಿದ್ದು. ಬಾವಿಕಟ್ಟೆಯ ಪಕ್ಕ ಚಪ್ಪರಕ್ಕೆ ಹಬ್ಬಿಸಿದ ಬಸಳೆಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಸಿಗಡಿ, ಇನ್ನೊಂದಕ್ಕೆ ಬೇಸಿಗೆಯಲ್ಲಿ ಕೂಡಿಟ್ಟಿದ್ದ ಹಲಸಿನ ಬೀಜ ಹಾಕಿದ್ದರು. ಜೊತೆಗೆ ತಿಮರೆ (ಒಂದೆಲಗ) ಚಟ್ನಿ, ಭರಣಿಯಿಂದ ತೆಗೆದ ಉಪ್ಪಿನಲ್ಲಿಟ್ಟ ಮಾವಿನಕಾಯಿ, ಕುಚ್ಚಲಕ್ಕಿ ಗಂಜಿ. 'ಮೀನು ಸಿಗದ ದಿನ ನಮ್ಮದೂ ಇದೇ ಊಟ ಮಗಾ' ಅಂದರು ಅವಳಿಗೆ.

ಊಟದ ನಡುವೆ ದೊಡ್ಡಮ್ಮ ಕುದ್ರುವಿನ ವರ್ಷ ಹೇಗೆ ಸಾಗುತ್ತದೆ ಅಂತ ಹೇಳಿದರು. ಮಳೆಗಾಲದಲ್ಲಿ ಹೊಳೆ ಸಿಹಿ. ಆಗ ಏಣೆಲು ಅನ್ನುವ ಭತ್ತದ ಬೆಳೆ. ಮಳೆ ನಿಂತ ಮೇಲೆ ಹೊಳೆಯ ಬಲ ಕುಗ್ಗುತ್ತದೆ, ಉಬ್ಬರದ ಜೊತೆ ಕಡಲಿನ ಉಪ್ಪುನೀರು ಒಳಗೆ ಬರುತ್ತದೆ. ಘಟ್ಟದ ಬುಡದ ಕಡೆ ಸುಗ್ಗಿ, ಕೊಳಕೆ ಅಂತ ಇನ್ನೂ ಎರಡು ಬೆಳೆ ತೆಗೆಯುವವರಿದ್ದಾರೆ. ಇವರಿಗೆ ಒಂದೇ. ಮೇ ತಿಂಗಳ ಹೊತ್ತಿಗೆ ಬಾವಿಯ ನೀರೂ ಬಾಯಿಗೆ ಉಪ್ಪು ತಾಗುತ್ತದೆ. ಆದರೆ ಉಪ್ಪು, ಸಿಹಿ ಎರಡೂ ಕೂಡುವ ನೀರಿನಲ್ಲೇ ಮರುವಾಯಿ ಬೆಳೆಯುವುದು. ಗದ್ದೆಗೆ ಬೇಡವಾದ ನೀರು ಸಾರಿಗೆ ಬೇಕು. ಉಳಿದ ಚಿಪ್ಪನ್ನೂ ಎಸೆಯುತ್ತಿರಲಿಲ್ಲ. ಸುಟ್ಟು ನೀರು ಹಾಕಿದರೆ ಸುಣ್ಣ. ಗೋಡೆಗೂ ಅದೇ, ಎಲೆ ಅಡಿಕೆಗೂ ಅದೇ.

ಆಮೇಲೆ ಅವರು ತೋಟದ ಪಶ್ಚಿಮದ ಅಂಚಿಗೆ ಕರೆದುಕೊಂಡು ಹೋದರು. ದಡ ಅಲ್ಲಿ ಕತ್ತರಿಸಿದ ಹಾಗೆ ಇದೆ. ತೆಂಗಿನ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ಒಂದು ಮರ ಆಗಲೇ ಹೊಳೆಗೆ ಬಿದ್ದಿದೆ. 'ನಾನು ಮದುವೆಯಾಗಿ ಬಂದಾಗ ಹಗ್ಗ ಹುರಿ ಮಾಡ್ಲಿಕ್ಕೆ ಕೂತುಕೊಳ್ತಿದ್ದದ್ದು ಅಲ್ಲಿ' ಅಂತ ಕೈ ತೋರಿಸಿದರು. ಕೈ ತೋರಿಸಿದ ಕಡೆ ನೀರು ಹರಿಯುತ್ತಿತ್ತು.

ಕುದ್ರು ಬೆಳೆಯುವುದೂ, ಕರಗುವುದೂ ನದಿಯ ಸ್ವಭಾವವೇ. ಹಿಂದಿನವರಿಗೆ ಇದು ಗೊತ್ತಿತ್ತು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಮನೆಮನೆಯವರು ಸೇರಿ ಕಲ್ಲು, ಕೆಸರು, ತೆಂಗಿನ ಸಿಪ್ಪೆ ಒತ್ತಿ ದಡ ಕಟ್ಟುತ್ತಿದ್ದರು. ಈಗ ಮನೆಯಲ್ಲಿ ಆಳಿಲ್ಲ, ಮಕ್ಕಳು ಮುಂಬೈ, ದುಬೈ, ಬೆಂಗಳೂರು. ಜೊತೆಗೆ ನದಿಯ ತಳದಿಂದ ಮರಳು ತೆಗೆದಷ್ಟೂ ದಡದ ಮಣ್ಣು ಆ ಗುಂಡಿಗೆ ಜಾರುತ್ತದೆ. ಮೇಲೆ ಅಣೆಕಟ್ಟು, ಕಿಂಡಿ ಅಣೆಕಟ್ಟುಗಳಲ್ಲಿ ಮಣ್ಣು ನಿಂತರೆ ಕೆಳಗೆ ಹೊಸ ಮಣ್ಣು ಬರುವುದೂ ಕಡಿಮೆ. 8.8 ಕೋಟಿ ವರ್ಷ ತಾಳಿದ ಕಲ್ಲಿಗೆ ನಾವು ಸ್ಮಾರಕ ಅಂತ ಬೋರ್ಡ್ ಹಾಕಿದ್ದೇವೆ, ಕಾವಲು ಇಟ್ಟಿದ್ದೇವೆ. ಅದು ಸರಿಯೇ. ಆದರೆ ಒಂದು ತಲೆಮಾರಿನಲ್ಲಿ ಕರಗಿ ಹೋಗುವ ಕುದ್ರುವಿಗೆ ಒಂದು ತಡೆಗೋಡೆ ಬೇಕು ಅಂದರೆ ಇಲ್ಲಿನ ಜನ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಬೇಕು. ನನಗೆ ಇದು ತುಂಬಾ ನೋವಿನ ವಿಷಯ. ಪರಂಪರೆ ಅಂದಾಗ ನಮಗೆ ದೇವಸ್ಥಾನ, ಕೋಟೆ, ಕಲ್ಲು ನೆನಪಾಗುತ್ತದೆ. ಕಾಲ್ಬೆರಳಿನಲ್ಲಿ ಮರುವಾಯಿ ಗುರುತು ಹಿಡಿಯುವ ವಿದ್ಯೆ ಯಾವ ಪಟ್ಟಿಯಲ್ಲೂ ಇಲ್ಲ. ಆ ದಿಣ್ಣೆ ಹೋದರೆ ವಿದ್ಯೆಯೂ ಹೋಯಿತು, ಆ ಸಾರೂ ಹೋಯಿತು.

ಹಾಗಂತ ಎಲ್ಲರೂ ನಾಳೆಯೇ ಕುದ್ರುಗಳಿಗೆ ನುಗ್ಗಿ ಅಂತ ನಾನು ಹೇಳುವುದಿಲ್ಲ. ಅದು ಜನರ ಮನೆ ಅಂಗಳ. ಪರಿಚಯದವರಿದ್ದರೆ, ಅಥವಾ ಊಟ ಹಾಕುವ ಮನೆಗಳಿಗೆ ಮೊದಲೇ ತಿಳಿಸಿ ಹೋಗಿ. ಕೋಡಿಬೆಂಗ್ರೆಯವರೆಗೆ ಹೋದರೆ ನದಿ ಕಡಲು ಸೇರುವ ಅಳಿವೆಯೂ ಕಾಣಸಿಗುತ್ತದೆ. ಮೀನು, ಮರುವಾಯಿ ಅಲ್ಲಿನವರಿಂದಲೇ ತಗೊಳ್ಳಿ, ಚೌಕಾಸಿ ಬೇಡ.

ಹೊರಡುವಾಗ ಶಿರಸಿಯವಳು ತೊಡೆದೇವಿನ ಡಬ್ಬಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟಳು. ಧಾರವಾಡದವನು ಮುಂದಿನ ಸಲ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತೇನೆ ಅಂದ. ಮಳೆಗಾಲದ ಆಟಿ ತಿಂಗಳಲ್ಲಿ ಬರೋಣ ಅಂತ ನಮ್ಮ ನಮ್ಮಲ್ಲೇ ಮಾತಾಯಿತು. ಆಗ ಸೇಂಟ್ ಮೇರೀಸ್‌ಗೆ ಬೋಟ್ ಇರುವುದಿಲ್ಲ, ಆದರೆ ಪತ್ರೊಡೆ ಇರುತ್ತದೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ ಇರುತ್ತದೆ, ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿರುತ್ತದೆ.

'ಬನ್ನಿ, ಬನ್ನಿ. ಆದ್ರೆ ಹೊರಡುವ ಮೊದಲು ಫೋನ್ ಮಾಡಿ' ಅಂದರು ದೊಡ್ಡಮ್ಮ. 'ನೆರೆ ಇದ್ರೆ ನಾನು ಬೇಡ ಅಂತೇನೆ. ಆಗ ಹಟ ಮಾಡ್ಬಾರ್ದು.'